ಸ್ವಾಮಿ ಉಂಡು ಬಂದ ಮನೆ

"ಉಂಡ್ಬುಟ್ಟು ಬಂದ್ಯಾ? ಆ ಮನೇಲಿ ಕೂತ್ಕಂಡು ಮುದ್ದೆ ಉಂಡ್ಬುಟ್ಟು ಬಂದ್ಯೇನ್ಲಾ, ಮಾನಗೆಟ್ಟೋನೆ?"

ಮಾಯಮ್ಮನ ಕೈಯಲ್ಲಿ ಹಿಟ್ಟಿನ ಕೋಲಿತ್ತು. ಒಲೆಯ ಮೇಲೆ ಮುದ್ದೆ ಬೇಯುತ್ತಿತ್ತು. ಕಿರಿಮಗ ಸ್ವಾಮಿ ಅಡಿಗೆಮನೆಯ ಬಾಗಿಲಲ್ಲಿ ನಿಂತು, ನನಗೆ ಊಟದ ತಣಿಗೆ ಇಡಬೇಡ, ಹಸಿವಿಲ್ಲ ಎಂದಿದ್ದ. ಅಷ್ಟಕ್ಕೇ ಅವಳಿಗೆ ಎಲ್ಲ ಗೊತ್ತಾಗಿಹೋಗಿತ್ತು.

"ಒಟ್ಟೆ ಅಸ್ದಿತ್ತು. ಉಂಡೆ," ಎಂದ ಸ್ವಾಮಿ.

"ಎಣ್ಣು ನೋಡಕ್ಕೋದ ಮನೇಲಿ ಯಾರಾದ್ರೂ ಉಣ್ತಾರೇನ್ಲಾ? ಮಾತು ಕೂಡೋ ತನ್ಕ ಆ ಮನೆ ಮುದ್ದೆ ಮುಟ್ಬಾರ್ದು. ಉಪ್ಪಿಟ್ಟು ತಿನ್ನು, ಕಾಪಿ ಕುಡಿ, ಬ್ಯಾಡ ಅಂದೋರ್ಯಾರು? ಮುದ್ದೆ ಉಂಡ್ರೆ ಏನ್ಲಾ ಅರ್ಥ?"

"ಒಟ್ಟೆ ತುಂಬ್ತು ಅಂತ ಅರ್ಥ."

"ಎಣ್ಣು ಒಪ್ದೆ ಅಂತ ಅರ್ಥ ಕಣ್ಲಾ. ಉಂಡ್ಬುಟ್ಟು ಆಮೇಲೆ ಬ್ಯಾಡ ಅಂದ್ರೆ ಆ ಎಣ್ಣಿನ ಗತಿ ಏನು? ಗಂಡು ಬಂದು ಉಂಡು ಎದ್ದೋದ ಮನೆ ಅಂತ ಊರೋರು ಆಡ್ಕಳಲ್ವಾ?"

ಜಗಲಿಯ ಮೇಲೆ ಕೂತು ಎಲೆಅಡಿಕೆ ಕುಟ್ಟುತ್ತಿದ್ದ ನಿಂಗಯ್ಯ ಕುಟ್ಟುವುದನ್ನು ನಿಲ್ಲಿಸಿದ. "ಸಾರೇನ್ಲಾ ಸ್ವಾಮಿ?"

"ಉಪ್ಸಾರು ಕಣಪ್ಪ. ಉಳ್ಳಿಕಾಳಿಂದು."

"ಕಾರ ಅರೆದಿದ್ರಾ?"

"ಅರೆದಿದ್ರು. ಚೆನ್ನಾಗಿತ್ತು."

"ನೀನ್ ಸುಮ್ಕಿರು," ಎಂದು ಮಾಯಮ್ಮ ಗಂಡನ ಕಡೆ ಕೋಲು ತೋರಿಸಿದಳು. "ಮನೆ ಮಾನ ಓಯ್ತಾ ಅದೆ, ಸಾರು ಕೇಳ್ತಾನೆ ಸಾರು."

ಆ ದಿನ ಬೆಳಿಗ್ಗೆ ನಡೆದದ್ದು ಇಷ್ಟು. ಮದ್ದೂರಿನ ಬಾಬು ಜಾನನ ಓಮ್ನಿಯಲ್ಲಿ ನಿಂಗಯ್ಯ, ಮಾಯಮ್ಮ, ದೊಡ್ಡಮಗ ಕೆಂಪರಾಜು, ಸೊಸೆ ಕುಸುಮ ನಾಲ್ಕೂ ಜನ ಮಳವಳ್ಳಿಯಾಚೆಯ ಒಂದು ಹಳ್ಳಿಗೆ ಹೆಣ್ಣು ನೋಡಲು ಹೋಗಿದ್ದರು. ಸ್ವಾಮಿ ಹಿಂದೆ ಬೈಕಿನಲ್ಲಿ ಬಂದಿದ್ದ, ವಾಪಸು ಬರುವಾಗ ಮಳವಳ್ಳಿಯಲ್ಲಿ ಟಿಲ್ಲರಿನ ಬೆಲ್ಟು ತರುವುದಿತ್ತು. ಹೆಣ್ಣಿನ ಅಪ್ಪ ಮರಿಸಿದ್ದಯ್ಯ ಸೊಂಟ ಮುರಿದು ಕೋಲು ಹಿಡಿದು ಓಡಾಡುವವನು. ಹೆಂಡತಿ ಇಲ್ಲ. ಒಬ್ಬಳೇ ಮಗಳು ನಯನ. ಚಾಪೆ ಹಾಸಿದರು, ಪಕ್ಕದ ಮನೆಯಾಕೆ ಉಪ್ಪಿಟ್ಟು ತಂದಿಟ್ಟಳು, ಕಾಫಿ ಬಂತು, ಹೆಣ್ಣು ಮಾತ್ರ ಬರಲಿಲ್ಲ.

"ಹುಳ ಅಣ್ಣಾಗವೆ ತಾಯಿ," ಎಂದು ಮರಿಸಿದ್ದಯ್ಯ ಕೈ ಮುಗಿದ. "ನಾಳೆಗಾಯ್ತದೆ ಅನ್ಕಂಡಿದ್ವಿ, ಬೆಳಿಗ್ಗೆನೇ ತಿರುಗ್ಬುಟ್ಟವು. ಆಳು ಬರ್ಲಿಲ್ಲ. ಮಗ್ಳು ಹುಳದ ಮನೇಲಿ ಅವ್ಳೆ. ಚೂರು ಕೂತ್ಕಳಿ."

ರೇಷ್ಮೆ ಹುಳ ಹಣ್ಣಾದರೆ ಕಾಯುವುದಿಲ್ಲ. ಮೈ ಹಳದಿಗೆ ತಿರುಗಿ, ಸೊಪ್ಪು ತಿನ್ನುವುದು ಬಿಟ್ಟು, ತಲೆ ಎತ್ತಿ ಆಡಿಸುತ್ತದೆ. ಆಗ ಒಂದೊಂದನ್ನೂ ಆರಿಸಿ ಬಿದಿರು ಹೆಣೆದ ಚಂದ್ರಿಕೆ ತಟ್ಟೆಯ ಮೇಲೆ ಗೂಡು ಕಟ್ಟಲು ಬಿಡಬೇಕು. ತಡವಾದರೆ ಕಸದಲ್ಲೇ ಗೂಡು ಕಟ್ಟಿ, ಒಂದು ತಿಂಗಳ ಗೇಮೆ ಮಣ್ಣುಪಾಲು. ಇದು ಮಾಯಮ್ಮನಿಗೆ ಗೊತ್ತಿಲ್ಲದ್ದಲ್ಲ. ಗೊತ್ತಿದ್ದೂ ಸಿಟ್ಟು ಬಂತು. ಸಿಟ್ಟಿಗೆ ತಿಳಿವಳಿಕೆ ಯಾವತ್ತು ಅಡ್ಡ ಬಂದಿದೆ?

"ನಾವು ಹುಳ ನೋಡಕ್ಕೆ ಬಂದಿದ್ವಾ?" ಎಂದು ಅವಳು ಎದ್ದೇಬಿಟ್ಟಳು. ಅವಳ ಹಿಂದೆಯೇ ಉಳಿದವರೂ ಎದ್ದರು. ಉಪ್ಪಿಟ್ಟು ತಟ್ಟೆಯಲ್ಲೇ ಉಳಿಯಿತು. ಕೆಂಪರಾಜು ಮಾತ್ರ ಒಂದು ಬಾಳೆಹಣ್ಣು ಜೇಬಿಗೆ ಹಾಕಿಕೊಂಡ. ಓಮ್ನಿ ಹೊರಟಿತು. ಸ್ವಾಮಿ ಬೈಕು ಹತ್ತಲಿಲ್ಲ.

"ಅಲ್ಲೇನ್ ಮಾಡ್ತಿದ್ದೆ ಕತ್ಲಾಗೋ ಗಂಟ?" ಮಾಯಮ್ಮ ಈಗ ಕೇಳಿದಳು.

"ಹುಳ ಆಯ್ತಿದ್ದೆ."

"ಯಾರ್ ಕರೆದ್ರು?"

"ಯಾರೂ ಕರೀಲಿಲ್ಲ. ಒಬ್ಳೇ ಆಯ್ತಾ ಇದ್ಲು. ನಾನೂ ಒಳೀಕೋದೆ. ತಲೆ ಎತ್ತದೆ, ನೀವ್ಯಾರು ಅಂದ್ಲು. ಗಂಡು ಅಂದೆ. ಬೀಡಿ ಸೇದ್ತೀರಾ, ಆ ವಾಸ್ನೆ ಹುಳಕ್ಕಾಗಲ್ಲ ಅಂದ್ಲು. ಇಲ್ಲ ಅಂದೆ. ಅಂಗಾರೆ ಕೈ ತೊಳ್ಕಂಡು ಬನ್ನಿ ಅಂದ್ಲು."

"ಅಷ್ಟೇನಾ?"

"ಅಷ್ಟೆ."

ಗೋಡೆಗೆ ಒರಗಿ ನಿಂತಿದ್ದ ಕುಸುಮ ನಗು ತಡೆಯಲಾರದೆ ಸೆರಗು ಬಾಯಿಗೆ ಇಟ್ಟುಕೊಂಡಳು.

"ಪದ ಆಡ್ತಾಳಾ?" ಮಾಯಮ್ಮ ಕೇಳಿದಳು. ಎಷ್ಟೇ ಸಿಟ್ಟಿದ್ದರೂ ಆ ಪ್ರಶ್ನೆ ಅವಳ ಬಾಯಿಂದ ಬಾರದೆ ಇರುತ್ತಿರಲಿಲ್ಲ.

"ಆಡ್ತಾಳೆ. ಹುಳ ಆಯ್ತಾ ಆಯ್ತಾ ಆಡ್ತಾನೇ ಇದ್ಲು."

"ಎಂಗೆ?"

ಸ್ವಾಮಿ ಸುಳ್ಳು ಹೇಳುವವನಲ್ಲ. "ಕೆಟ್ಟದಾಗಿ," ಎಂದ.

ಮಾಯಮ್ಮ ಸೋಬಾನೆ ಪದ ಹೇಳುವವಳು. ಮದ್ದೂರಿನಿಂದ ಕೊಕ್ಕರೆ ಬೆಳ್ಳೂರಿನವರೆಗೆ ಯಾವ ಒಕ್ಕಲು ಮನೆಯ ಮದುವೆಯಾದರೂ ಅವಳು ಬಂದು ಕೂತು ದನಿ ತೆಗೆದ ಮೇಲೆಯೇ ಅರಿಶಿನ ಕಲಸುತ್ತಿದ್ದರು. ಹೆಣ್ಣು ಒಪ್ಪಿಸುವಾಗ ಅವಳು ಹೇಳುವ ಪದಕ್ಕೆ ಗಂಡಸರೂ ಕಣ್ಣೊರೆಸಿಕೊಳ್ಳುತ್ತಿದ್ದರು:

ಸಣ್ಣಾಗೆ ಬೈಯಿರಿ ಬೀಗಾರೆ ನಮ್ಮವಳ
ಬೈದಾರೆ ಮಾತು ಆಡಳಲ್ಲ, ಮುನಿದಾರೆ
ತಣಿಗೆಯ ಅನ್ನ ಉಣಳಲ್ಲ

ಇಂಥ ತಾಯಿ ಮಗನಿಗೆ ಹೆಣ್ಣು ನೋಡಲು ಹೋದರೆ ಮೊದಲು ಕೇಳುತ್ತಿದ್ದದ್ದು, ಒಂದು ಪದ ಹೇಳವ್ವ ಅಂತ. ಹೆಣ್ಣು ಸಿಗುತ್ತಿದ್ದ ಕಾಲದಲ್ಲಿ ಒಬ್ಬಳ ದನಿ ಒಡೆದಿದೆ ಎಂದಳು, ಇನ್ನೊಬ್ಬಳು ಪದದ ನಡುವೆ ಉಸಿರು ಬಿಡುತ್ತಾಳೆ ಎಂದಳು. ಆಮೇಲೆ ಕಾಲ ಬದಲಾಯಿತು. ಹೊಲ ಗೇಯುವ ಗಂಡಿಗೆ ಹೆಣ್ಣು ಕೊಡುವವರು ಈ ಸೀಮೆಯಲ್ಲಿ ಇಲ್ಲವಾದರು. ಮಂಡ್ಯದ ಗೊಬ್ಬರದ ಅಂಗಡಿಯಲ್ಲಿ ಚೀಟಿ ಬರೆಯುವ ಕೆಂಪರಾಜುವಿಗೆ ಕೊಟ್ಟರು. ಆ ಗೊಬ್ಬರ ಹೊತ್ತು ಗದ್ದೆಗೆ ಹಾಕುವ ಸ್ವಾಮಿಗೆ ಕೊಡಲಿಲ್ಲ. ಭತ್ತ ಬೇಕು, ಬೆಲ್ಲ ಬೇಕು, ಬೆಳೆಯುವವನು ಬೇಡ. ಸ್ವಾಮಿಗೆ ಮೂವತ್ತಾರು ದಾಟಿತು.

ಎರಡು ವರ್ಷದ ಹಿಂದೆ ಯಾರದೋ ಮದುವೆ ಚಪ್ಪರದಲ್ಲಿ ಮಾಯಮ್ಮ ಎಲ್ಲರ ಎದುರಿಗೆ ಹೇಳಿಬಿಟ್ಟಳು, "ಇನ್ನು ನನ್ನ ಮಗನ ಮದ್ವೇಲೇ ನಾನು ಬಾಯಿ ಬುಡೋದು." ಅಂದಿನಿಂದ ಅವಳು ಎಲ್ಲೂ ಹಾಡಿಲ್ಲ. ಊರವರು ಸ್ಪೀಕರ್ ಹಚ್ಚಿಕೊಂಡರು.

"ಎಣ್ಣು ಸಿಗೋ ಕಾಲ್ದಲ್ಲಿ ದನಿ ಸರಿಯಿಲ್ಲ ಅಂದೆ," ಎಂದ ಸ್ವಾಮಿ, ನೆಲ ನೋಡುತ್ತ. "ಈಗ ಉಂಡಿದ್ದು ಸರಿಯಿಲ್ಲ ಅಂತೀಯ. ನಾನು ಆ ಬೆಳ್ಳೂರಿನ ಮರದ ಮೇಲಿನ ಕೊಕ್ಕರೆಗಿಂತ ಕಡೆಯಾ? ಅವೂ ವರ್ಸ ವರ್ಸ ಜೋಡಿ ಮಾಡ್ಕಂಡು ಬತ್ತವೆ."

ಮಾಯಮ್ಮ ಒಲೆಯ ಕಡೆ ತಿರುಗಿದಳು. ಮುದ್ದೆ ತಳ ಹಿಡಿದಿತ್ತು.

ಮಾಯಮ್ಮನ ಬೈಗುಳ ಬೀದಿಗೆಲ್ಲ ಕೇಳಿತ್ತು, ಉಳಿದದ್ದನ್ನು ಹರಡಲು ಬಾಬು ಜಾನ್ ಸಾಕಾಗಿತ್ತು. ಎರಡು ದಿನ ಕಳೆಯುವುದರಲ್ಲಿ ಹಿಂದಿನ ಬೀದಿಯ ದೇವಿರಮ್ಮ ಬಂದು ಜಗಲಿಯಲ್ಲಿ ಕೂತಳು. ಮೊಮ್ಮಗಳ ಮದುವೆಗೆ ಪದ ಹೇಳಲು ಕರೆಯುವ ನೆಪ.

"ನಿನ್ ಮಗ ಉಂಡ್ ಬಂದ್ನಂತಲ್ಲೇ ಮಾಯಿ. ಇನ್ನೇನು, ಒಪ್ದಂಗೇ ಆಯ್ತು."

"ಅವ್ನು ಉಂಡ, ನಾನು ಉಂಡಿಲ್ಲ."

"ಗಂಡು ಅವ್ನೋ ನೀನೋ?"

"ಗಂಡು ಎತ್ತೋಳು ನಾನು. ನಾನು ಉಣ್ಣೋ ತನ್ಕ ಲೆಕ್ಕಕ್ಕಿಲ್ಲ."

ಇಂಥ ಶಾಸ್ತ್ರ ಯಾವ ಊರಲ್ಲೂ ಇರಲಿಲ್ಲ. ದೇವಿರಮ್ಮ ಎದ್ದು ಹೋದಳು. ಮಾಯಮ್ಮ ಮಾತ್ರ ಆ ಮಾತನ್ನು ಹಿಡಿದು ಕೂತಳು.

ಮುಂದಿನ ವಾರ ಮರಿಸಿದ್ದಯ್ಯನೇ ಬಸ್ಸು ಹತ್ತಿ ಬಂದ. ಕೋಲೂರಿಕೊಂಡು, ಇನ್ನೊಂದು ಕೈಯಲ್ಲಿ ಬಾಳೆಗೊನೆಯ ಚಿಪ್ಪು ಹಿಡಿದು, ಜಗಲಿ ಹತ್ತಲಾಗದೆ ಅಂಗಳದಲ್ಲೇ ನಿಂತ. ನಿಂಗಯ್ಯ ಕೈ ಹಿಡಿದು ಹತ್ತಿಸಿದ. ಕುಸುಮ ಕಾಫಿ ತಂದಳು.

"ನಿಂಗಯ್ಯನೋರೆ, ಬಿಚ್ಚಿ ಯೋಳ್ತೀನಿ," ಎಂದ ಮರಿಸಿದ್ದಯ್ಯ. "ನಿಮ್ ಹುಡುಗ ನಮ್ಗೆಲ್ಲ ಒಪ್ಗೆ. ನನ್ ಮಗ್ಳು ಇಷ್ಟು ವರ್ಸದಲ್ಲಿ ಯಾರ್ನೂ ಒಪ್ದೋಳಲ್ಲ. ಇವ್ನು ಹುಳ ಇಸುಕ್ದೆ ಎತ್ತಿ ಬುಡ್ತಾನೆ, ಕೈ ಮೆತ್ಗದೆ ಅಂದ್ಲು. ಆದ್ರೆ ಒಂದ್ ಮಾತು. ಅವ್ಳು ಇಲ್ಲಿಗೆ ಬರಕ್ಕಾಗಲ್ಲ. ಇವ್ನೇ ಅಲ್ಲಿಗೆ ಬರ್ಬೇಕು."

ಮನೆ ಒಳಗೆ ಪಾತ್ರೆ ಬಿದ್ದ ಸದ್ದಾಯಿತು. ಮಾಯಮ್ಮ ಹೊರಗೆ ಬಂದಳು.

"ಮನೆ ಅಳಿಯನ್ನ ಮಾಡ್ಕಳಕ್ಕೆ ಬಂದ್ರಾ? ನಮ್ಗೇನು ಮನೆ ಇಲ್ವಾ, ಗದ್ದೆ ಇಲ್ವಾ? ನನ್ ಮಗನ್ನ ಎಣ್ಣೊಪ್ಪಿಸ್ದಂಗೆ ನಾನು ಒಪ್ಪಿಸ್ಬೇಕಾ?"

"ತಾಯಿ, ಇಷ್ಟು ವರ್ಸ ಎಲ್ರೂ ಎಣ್ಣ ಒಪ್ಪಿಸ್ಲಿಲ್ವಾ?"

"ಅದು ಪದ್ಧತಿ."

"ನಾನು ನನ್ ಕಷ್ಟ ಯೋಳ್ತಾ ಇವ್ನಿ," ಎಂದು ಮರಿಸಿದ್ದಯ್ಯ ಕಾಫಿ ಲೋಟ ಕೆಳಗಿಟ್ಟ. ಆತ ಜಗಳಕ್ಕೆ ಬಂದವನಲ್ಲ. ಸ್ವಾಮಿ ಬೈಕಿನಲ್ಲಿ ಅವನನ್ನು ಬಸ್‌ಸ್ಟ್ಯಾಂಡಿಗೆ ಬಿಟ್ಟು ಬರಲು ಹೋದ. ವಾಪಸು ಬಂದಾಗ ರಾತ್ರಿ ಊಟದ ಹೊತ್ತು. ಮಾಯಮ್ಮ ಅವನಿಗೆ ಬಡಿಸಲಿಲ್ಲ. ಕುಸುಮ ಬಡಿಸಿದಳು.

ಊಟಕ್ಕೆ ಕೂತ ಕೆಂಪರಾಜು ಮೊದಲು ಬಾಯಿ ಬಿಟ್ಟ. "ಇವ್ನು ಓದ್ರೆ ಹಸ ಯಾರ್ ಕರ್ಯೋರು? ಗದ್ದೆಗೆ ನೀರು ಯಾರ್ ಕಟ್ಟೋರು? ನಾನು ಎಂಟು ಗಂಟೆ ಬಸ್ಸಿಡೀಬೇಕು."

"ಏಳು ಗಂಟೆ ಗಂಟ ಮನಗಿರ್ತೀರಲ್ಲ, ಆ ಹೊತ್ನಲ್ಲಿ ಕರೀರಿ," ಎಂದಳು ಕುಸುಮ.

"ನನ್ಗೆ ಕರ್ಯಕ್ಕೆ ಬರಲ್ಲ."

"ಸೀಮೆ ಹಸದ ಹಾಲು ಕಾಪಿಗೆ ಆಗ್ಬೇಕು, ಕರ್ಯಕ್ಕೆ ಬರಲ್ಲ. ನಿಮ್ ತಮ್ಮ ಮದ್ವೆ ಆಗ್ದೆ ಇರ್ಬೇಕಾ, ನಿಮ್ ಕಾಪಿಗೋಸ್ಕರ?"

"ನೀನ್ ಯಾಕೆ ಅವ್ನ ಪರ ಮಾತಾಡ್ತೀಯ ಅಂತ ಗೊತ್ತು," ಎಂದಳು ಮಾಯಮ್ಮ. "ಅವ್ನು ಓದ್ರೆ ಗದ್ದೆ ಪೂರಾ ನಿಮ್ಗೇ ಅಲ್ವಾ?"

ಕುಸುಮ ಸೌಟನ್ನು ಪಾತ್ರೆಯಲ್ಲಿ ಬಿಟ್ಟು ನೆಟ್ಟಗೆ ನಿಂತಳು. "ಅತ್ತೆ, ಆರು ವರ್ಸದಿಂದ ಈ ಮನೆ ಐದು ಜನದ ಬಟ್ಟೆ ಒಗೀತಾ ಇವ್ನಿ. ಓರಗಿತ್ತಿ ಬರ್ಲಿ ಅಂತ ನಿಮ್ಗಿಂತ ಎಚ್ಚಾಗಿ ಕಾಯ್ತಿದ್ದೋಳು ನಾನು. ಗದ್ದೆ ಅಂತೆ ಗದ್ದೆ. ಅದ್ರಲ್ಲಿ ಕಳೆ ಕೀಳೋಳೂ ನಾನೇ."

ಸ್ವಾಮಿ ತಣಿಗೆಯಲ್ಲಿ ಕೈ ಆಡಿಸುತ್ತ ಹೇಳಿದ, "ಭಾಗದ ಮಾತು ಬ್ಯಾಡ ಅತ್ಗೆ. ಹಸ ಒಣಗಿಸ್ಬ್ಯಾಡಿ, ಅಷ್ಟೆ."

ಅಂದರೆ ಅವನು ಹೋಗುವುದು ಎಂದೇ ತೀರ್ಮಾನಿಸಿದ್ದ. ಮಾಯಮ್ಮ ಅರ್ಧ ಮುದ್ದೆ ಬಿಟ್ಟು ಕೈ ತೊಳೆದಳು.

ಮೂರು ನಾಲ್ಕು ವಾರ ಹೀಗೇ ನಡೆಯಿತು. ಸ್ವಾಮಿ ಗದ್ದೆ ಕೆಲಸ ಮುಗಿಸಿ ಮಳವಳ್ಳಿ ಕಡೆ ಹೋಗುತ್ತಿದ್ದ, ಬರುವಾಗ ಅಂಗಿಯೆಲ್ಲ ಹಿಪ್ಪುನೇರಳೆ ಸೊಪ್ಪಿನ ವಾಸನೆ. ಮಾಯಮ್ಮ ಅವನ ಜೊತೆ ನೇರವಾಗಿ ಮಾತಾಡದೆ, ಹಸುವಿನ ಜೊತೆ ಮಾತಾಡುತ್ತಿದ್ದಳು. "ನೋಡೇ, ನಿನ್ನ ಕರ್ಯೋನು ಓಯ್ತಾನಂತೆ. ಹುಳಕ್ಕೆ ಸೊಪ್ಪು ಆಕಕ್ಕೆ ಓಯ್ತಾನಂತೆ." ಕೆಂಪರಾಜು ಒಂದು ಬೆಳಿಗ್ಗೆ ಕಲಿಯೋಣವೆಂದು ಹಾಲು ಕರೆಯಲು ಕೂತು, ಒದೆಸಿಕೊಂಡು, ಬಕೆಟ್ಟು ಚೆಲ್ಲಿ ಎದ್ದ. ಮಂಡ್ಯದ ಬಸ್ಸಿಗೆ ಕುಂಟುತ್ತಲೇ ಓಡಿದ. ಆ ದಿನ ಎಲ್ಲರೂ ಹಾಲಿಲ್ಲದ ಕಾಫಿ ಕುಡಿದರು.

ಅದೇ ದಿನ ಮಾಯಮ್ಮ ಬಾಬು ಜಾನನಿಗೆ ಫೋನು ಮಾಡಿಸಿದಳು. "ಗಾಡಿ ತಕ್ಕಂಡ್ ಬಾ. ನಾನೊಬ್ಳೇ."

ಬಾಬು ಜಾನ್ ದಾರಿ ಕೇಳಲಿಲ್ಲ. ಶಿವಪುರ ದಾಟಿ ಮಳವಳ್ಳಿ ರಸ್ತೆ ಹಿಡಿದ.

"ಎಲ್ಗೆ ಅಂತ ನಾನು ಯೋಳೇ ಇಲ್ವಲ್ಲ?"

"ಅವ್ವಾ, ಸ್ವಾಮಣ್ಣನಿಗೆ ಎಣ್ಣು ನೋಡಿ ನೋಡಿ ಈ ಗಾಡಿ ಎಲ್ಲಾ ಊರೂ ನೋಡ್ಬುಟ್ಟದೆ. ಎರಡ್ನೇ ಸಲ ಓಗೋ ಅಂತ ಊರು ಇದೊಂದೇ ಇರೋದು. ಅವತ್ತು ನೀವು ಎದ್ದಾಗ ಆ ಉಪ್ಪಿಟ್ಟು ನೋಡಿ ನನ್ಗೇ ಒಟ್ಟೆ ಉರೀತು."

ಹುಳದ ಮನೆಯ ಬಾಗಿಲಲ್ಲಿ ಮಾಯಮ್ಮ ನಿಂತಾಗ ನಯನ ತಟ್ಟೆಗಳಿಗೆ ಸೊಪ್ಪು ಹಾಕುತ್ತಿದ್ದಳು. ಹೊಸ ಹುಳ, ಹಣ್ಣಾಗಲು ಇನ್ನೂ ದಿನವಿತ್ತು. ಒಳಗೆ ಸೊಪ್ಪು ಕಡಿಯುವ ಸದ್ದು, ಸೋನೆ ಮಳೆ ಬಂದಂತೆ. ಅದರ ಮೇಲೆ ಅವಳ ಹಾಡು. ಮಾಯಮ್ಮ ಕೇಳಿದಳು. ಸ್ವಾಮಿ ಸುಳ್ಳು ಹೇಳಿರಲಿಲ್ಲ.

"ಯಾರು?" ನಯನ ತಿರುಗಿದಳು. ಕೈ ಒರೆಸಿಕೊಂಡಳು. "ಬನ್ನಿ. ಅತ್ತೆ ಅಂತ ಕರೀಬೋದಾ, ಬ್ಯಾಡ್ವಾ, ಮೊದ್ಲು ಯೋಳ್ಬುಡಿ. ಆಮೇಲೆ ನಂದೇ ತಪ್ಪು ಅನ್ಬ್ಯಾಡಿ."

"ಸದ್ಯಕ್ಕೆ ಏನೂ ಕರೀಬ್ಯಾಡ," ಎಂದಳು ಮಾಯಮ್ಮ. "ಆಡದು ನಿಲ್ಸು. ಹುಳ ಕೇಳಿಸ್ಕಂಡ್ರೆ ಗೂಡು ಕಟ್ಟಲ್ಲ."

"ಇಷ್ಟು ವರ್ಸ ಕಟ್ಕಂಡೇ ಬಂದವೆ. ಅವುಕ್ಕೆ ಕಿವಿ ಇಲ್ಲ. ಅದ್ಕೇ ಧೈರ್ಯವಾಗಿ ಆಡ್ತೀನಿ."

ಮಾಯಮ್ಮ ಬಾಗಿಲ ಬಳಿ ಸೊಪ್ಪಿನ ಮೂಟೆಯ ಮೇಲೆ ಕೂತಳು. "ನೀನು ನಮ್ಮನೆಗೆ ಬಾ. ನಿಮ್ಮಪ್ಪನ್ನೂ ಕರ್ಕಂಡು ಬಾ. ಒಂದು ಮುದ್ದೆ ಎಚ್ಚಾಗಿ ಕಟ್ಟದು ನಮ್ಗೇನೂ ಕಷ್ಟ ಇಲ್ಲ."

"ನಮ್ಮಪ್ಪ ಬರಲ್ಲ. ಈ ತೋಟ ಅವ್ರು ಅಗೆದು ನೆಟ್ಟಿದ್ದು. ನೀವು ನಿಮ್ಮನೆ ಬುಟ್ಟು ಇಲ್ಲಿ ಬಂದು ಇರ್ತೀರಾ?"

"ನಾನ್ಯಾಕೆ ಬರ್ಲಿ?"

"ಅಂಗೇ ಅವ್ರೂ." ನಯನ ಇನ್ನೊಂದು ತಟ್ಟೆ ಎಳೆದಳು. "ನಿಮ್ಮನೇಲಿ ಐದು ಜನ ಅವ್ರೆ. ಇಲ್ಲಿ ನಾನು, ನಮ್ಮಪ್ಪ, ಒಂದು ಕೋಲು. ನಿಮ್ ಮಗ ಬಂದ್ರೆ ಅಲ್ಲಿ ಒಬ್ರು ಕಮ್ಮಿ ಆಯ್ತಾರೆ. ನಾನು ಬಂದ್ರೆ ಇಲ್ಲಿ ಮನೆ ಬಾಗ್ಲೇ ಆಕ್ಬೇಕು. ಇದ್ರ ಮೇಲೆ ನಿಮ್ಮಿಷ್ಟ. ಅವ್ರಿಗೂ ಇದೇ ಯೋಳಿವ್ನಿ. ನಿಮ್ಮವ್ವ ಬ್ಯಾಡ ಅಂದ್ರೆ ಬರ್ಬ್ಯಾಡಿ ಅಂತ್ಲೂ ಯೋಳಿವ್ನಿ."

"ಅದ್ಕೆ ಅವ್ನೇನಂದ?"

"ಮುದ್ದೆ ಉಂಡಾಯ್ತಲ್ಲ ಅಂದ್ರು."

ಮಾಯಮ್ಮನ ಕೈ ತಾನಾಗಿ ಮೂಟೆಯಿಂದ ಸೊಪ್ಪು ಎಳೆದು ತೊಟ್ಟು ಬಿಡಿಸತೊಡಗಿತು.

ಮಧ್ಯಾಹ್ನ ಮರಿಸಿದ್ದಯ್ಯ ಕೋಲೂರಿಕೊಂಡು ಬಂದು, "ತಾಯಿ, ಪಕ್ಕದ್ಮನೆಯೋರು ಕಾಪಿ ಕಾಯ್ಸವ್ರೆ, ಅಷ್ಟಾದ್ರೂ ಕುಡೀರಿ," ಎಂದ. ಊಟಕ್ಕೆ ಕರೆಯುವ ಧೈರ್ಯ ಅವನಿಗಿರಲಿಲ್ಲ.

"ಕಾಪಿ ಯಾಕೆ? ಉಣ್ಣೋ ಹೊತ್ನಲ್ಲಿ ಯಾರಾದ್ರೂ ಕಾಪಿ ಕುಡೀತಾರಾ?" ಎಂದಳು ಮಾಯಮ್ಮ. "ಮುದ್ದೆ ಇಕ್ಕಿ. ಆ ಬಾಬು ಜಾನನ್ನೂ ಕರೀರಿ. ಅವತ್ತಿಂದ ಒಟ್ಟೆ ಉರ್ಕಂಡವ್ನೆ."

ಸಂಜೆ ಓಮ್ನಿ ವಾಪಸು ಬಂದಾಗ ನಿಂಗಯ್ಯ ಜಗಲಿಯಲ್ಲೇ ಇದ್ದ. ಸ್ವಾಮಿ ಹಸುವಿಗೆ ಹುಲ್ಲು ಹಾಕುತ್ತಿದ್ದವನು ನಿಂತ. ಮಾಯಮ್ಮ ಕಾಲು ತೊಳೆದು ಮೆಟ್ಟಿಲು ಹತ್ತಿದಳು.

"ಉಂಡ್ಯಾ?" ಎಂದ ನಿಂಗಯ್ಯ.

"ಉಂಡೆ."

"ಸಾರು?"

"ಉಪ್ಸಾರು. ಉಪ್ಪು ಕಮ್ಮಿ." ಒಳಗೆ ಹೋದವಳು ಮತ್ತೆ ಬಾಗಿಲಿಗೆ ಬಂದು ಹಸುವಿನ ಕಡೆ ನೋಡಿ ಹೇಳಿದಳು, "ಯೋಳೇ ಅವ್ನಿಗೆ, ಒಳ್ಳೆ ದಿವ್ಸ ನೋಡ್ಸಕ್ಕೆ ಯೋಳು."

ಮದುವೆ ಮಳವಳ್ಳಿಯ ಒಂದು ಸಣ್ಣ ಛತ್ರದಲ್ಲಿ ಆಯಿತು. ಒಂದು ಬೆಳೆ ಗೂಡು ಮಾರಿ, ಮುಂದಿನ ಹುಳ ತರುವ ನಡುವಿನ ದಿನಗಳಲ್ಲಿ ಮುಗಿಸಿದರು. ಮಾಯಮ್ಮ ಎರಡು ವರ್ಷದ ಮೇಲೆ ದನಿ ತೆಗೆದಳು. ಅರಿಶಿನ ಕಲಸುವ ಪದ, ಬಳೆ ತೊಡಿಸುವ ಪದ, ಬೀಗರನ್ನು ಹಂಗಿಸುವ ಪದ, ಒಂದೂ ಬಿಡಲಿಲ್ಲ. ಸ್ಪೀಕರಿನವನು ಮೂಲೆಯಲ್ಲಿ ಕೂತು ಪಾಯಸ ಕುಡಿದ. ನಯನ ದನಿ ಸೇರಿಸಲು ಹೋದಾಗ ಮಾತ್ರ, "ನೀನು ಮದುವಣಗಿತ್ತಿ, ಆಡಬಾರ್ದು," ಎಂದು ಬಾಯಿ ಮುಚ್ಚಿಸಿದಳು. ಹೆಣ್ಣು ಒಪ್ಪಿಸುವ ಪದ ಬರುವ ಹೊತ್ತಿಗೆ ಎದ್ದು ನೀರು ಕುಡಿಯಲು ಹೋದಳು.

ಮದುವೆಯಾದವರು ಮಾಯಮ್ಮನ ಮನೆಗೆ ಬಂದು, ದೀಪ ಹಚ್ಚಿ, ಒಂದು ರಾತ್ರಿ ಇದ್ದರು. ಮರುದಿನ ಬೆಳಿಗ್ಗೆ ಬಾಬು ಜಾನನ ಗಾಡಿ ಊರ ಮುಂದಿನ ಅರಳಿಕಟ್ಟೆ ಹತ್ತಿರ ಬಂದು ನಿಂತಿತು, ಬೀದಿಯಲ್ಲಿ ಪೈಪು ಹಾಕಲು ಅಗೆದಿದ್ದರು. ನಯನ ಅತ್ತೆ ಮಾವನ ಕಾಲಿಗೆ ಬಿದ್ದು ಕುಸುಮನ ಜೊತೆ ಮುಂದೆ ನಡೆದಳು. ಸ್ವಾಮಿ ಹಸು ಕರೆದು, ಹಾಲು ಒಳಗಿಟ್ಟು, ಚೀಲ ಹೆಗಲಿಗೆ ಹಾಕಿಕೊಂಡು ಹೊಸಿಲ ಬಳಿ ಬಂದ.

"ನಿಂತ್ಕೊ," ಎಂದಳು ಮಾಯಮ್ಮ. ಮೊರದಲ್ಲಿ ಅಕ್ಕಿ, ಬೆಲ್ಲದಚ್ಚು, ಕೊಬ್ಬರಿ, ಎಲೆಅಡಿಕೆ ಇತ್ತು. "ಟವಲ್ ಒಡ್ಡು."

"ಅವ್ವಾ, ಮಡಿಲಕ್ಕಿ ಎಣ್ಮಕ್ಳಿಗೆ ಅಲ್ವಾ?"

"ಮನೆ ಬುಟ್ಟು ಓಗೋರಿಗೆ. ಒಡ್ಡು."

ಸ್ವಾಮಿ ಟವಲ್ ಒಡ್ಡಿದ. ಅವಳು ಬೊಗಸೆಯಲ್ಲಿ ಅಕ್ಕಿ ತುಂಬಿ ತುಂಬಿ ಹಾಕಿದಳು. ಅವಳಿಗೆ ಹೆಣ್ಣುಮಕ್ಕಳಿರಲಿಲ್ಲ, ಮಡಿಲಕ್ಕಿಯನ್ನು ಈ ಮನೆಯಲ್ಲಿ ಯಾರಿಗೂ ಹಾಕಿರಲಿಲ್ಲ. ನಾಲ್ಕು ಮನೆಯವರು ಬಾಗಿಲಿಗೆ ಬಂದು ನಿಂತರು. ದೇವಿರಮ್ಮ ನಗಲು ಬಾಯಿ ತೆರೆದವಳು ಹಾಗೇ ನಿಂತಳು, ಏಕೆಂದರೆ ಮಾಯಮ್ಮ ಹಾಡಲು ತೊಡಗಿದ್ದಳು. ಕಟ್ಟಿದ ಪದವಲ್ಲ, ಅಲ್ಲೇ ತಿದ್ದಿಕೊಳ್ಳುತ್ತ.

ಸಣ್ಣಾಗೆ ಬೈಯಿರಿ ಬೀಗಾರೆ ನಮ್ಮವನ
ಬೈದಾರೂ ಮಾತು ಆಡನಲ್ಲ, ಮುನಿದಾರೂ
ತಣಿಗೆಯ ಮುದ್ದೆ ಬಿಡನಲ್ಲ

ನಿಂಗಯ್ಯ ನಕ್ಕುಬಿಟ್ಟ. ನಗುತ್ತಲೇ ಟವಲಿನಿಂದ ಮುಖ ಒರೆಸಿಕೊಂಡ. ಪದದ ನಡುವೆ ಮಾಯಮ್ಮ ಒಮ್ಮೆ ಉಸಿರು ಬಿಟ್ಟಳು, ಬೇರೆ ಯಾರಾದರೂ ಬಿಟ್ಟಿದ್ದರೆ ಅವಳು ಒಪ್ಪುತ್ತಿರಲಿಲ್ಲ.

ಸ್ವಾಮಿ ಅಕ್ಕಿಯ ಗಂಟು ಕಂಕುಳಲ್ಲಿ ಹಿಡಿದು ಹೊಸಿಲು ದಾಟಿದ. ಅಗೆದ ಮಣ್ಣಿನ ಗುಡ್ಡೆ ಹತ್ತಿ ಇಳಿದ. ಅರಳಿಕಟ್ಟೆಯ ತಿರುವು ಬಂದಿರಲಿಲ್ಲ, ಅಷ್ಟರಲ್ಲಿ ಕೊಟ್ಟಿಗೆಯಿಂದ ಕೆಂಪರಾಜು ಓಡಿ ಬಂದ, ಕೈಯಲ್ಲಿ ಸ್ವಾಮಿಯ ಹುಲ್ಲು ಕುಯ್ಯುವ ಕುಡುಗೋಲು.

"ಅವ್ವಾ, ಕುಡ್ಲು ಬುಟ್ಟು ಓಗವ್ನೆ. ಕರೀಲಾ?"

"ಕರೀಬ್ಯಾಡ. ಒಸ್ಲು ದಾಟ್ದೋರ್ನ ಇಂದ್ಲಿಂದ ಕರೀಬಾರ್ದು."

"ಅಲ್ಲ ಅವ್ವ, ಇದು ಅವ್ನಿಗೆ ಬೇಕಾಗಲ್ವಾ?"

ತಿರುವಿನಲ್ಲಿ ಸ್ವಾಮಿಯ ಬಿಳಿ ಅಂಗಿ ಒಂದು ಗಳಿಗೆ ಕಂಡಿತು, ಆಮೇಲೆ ಕಾಣಲಿಲ್ಲ. ಗಾಡಿ ಸ್ಟಾರ್ಟ್ ಆದ ಸದ್ದು ಬಂತು. ಕೊಟ್ಟಿಗೆಯಲ್ಲಿ ಹಸು ಕೂಗಿತು.

"ಅವ್ನಿಗ್ಯಾಕೆ?" ಎಂದಳು ಮಾಯಮ್ಮ, ಖಾಲಿ ಮೊರ ಎತ್ತಿಕೊಳ್ಳುತ್ತ. "ಅದು ನಿನ್ಗೇ ಅಂತ ಬುಟ್ಟವ್ನೆ. ಓಗು, ಹುಲ್ಲು ಕುಯ್ಕಂಡು ಬಾ. ಬಸ್ಸಿಗಿನ್ನೂ ಹೊತ್ತದೆ."